ಕಾಮಿಕ್ಸ್ ಬಗ್ಗೆ ರೇಡಿಯೋ ಕಾರ್ಯಕ್ರಮ ಮಾಡೋದು ಹೇಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ

ಕಾಮಿಕ್ಸ್ ಬಗ್ಗೆ ರೇಡಿಯೋ ಕಾರ್ಯಕ್ರಮ ಮಾಡುವ ಆಸೆ ಇದ್ದರೆ ಮೊದಲು ಒಂದು ಅಭ್ಯಾಸ ಬಿಡಬೇಕು. ಕಥೆ ಹೇಳುವ ಅಭ್ಯಾಸ. ಹೊಸಬರು ಹೆಚ್ಚಾಗಿ ಅದನ್ನೇ ಮಾಡುತ್ತಾರೆ. ಪುಸ್ತಕ ಕೈಗೆ ತಗೊಂಡು "ಒಂದೂರಲ್ಲಿ ಒಬ್ಬ ರಾಜ ಇದ್ದ" ಅಂತ ಶುರು ಮಾಡಿ, ಕೊನೇ ಪುಟದವರೆಗೂ ಹೇಳಿ, "ಚಿತ್ರಗಳೂ ತುಂಬಾ ಚೆನ್ನಾಗಿವೆ" ಅಂತ ಮುಗಿಸುತ್ತಾರೆ. ಕೇಳಿದವರಿಗೆ ಸಿಕ್ಕಿದ್ದು ಒಂದು ಕಥೆ ಅಷ್ಟೇ. ಅದನ್ನು ಅವರ ಅಜ್ಜಿ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು. ಕಾಮಿಕ್ಸ್ ಎಲ್ಲಿ ಹೋಯಿತು?

ಚಿತ್ರವನ್ನು ಮಾತಲ್ಲಿ ಕಟ್ಟಬೇಕು. ಅದನ್ನು ಬರೆದ ಕೈ ಯಾರದು ಅಂತ ಹುಡುಕಬೇಕು. ಕಾರ್ಯಕ್ರಮದಲ್ಲಿ ಮಾಡಬೇಕಾದ ಕೆಲಸ ಇವೆರಡೇ. ಮೈಕು, ಎಡಿಟಿಂಗು, ಅರ್ಜಿ, ಇವೆಲ್ಲ ಒಂದು ವಾರದಲ್ಲಿ ಕಲಿಯುವಂಥವು. ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಬೇಕಾದ ಜನರೂ ಇದ್ದಾರೆ, ಜಾಗಗಳೂ ಇವೆ. ಅದಕ್ಕೇ ಇಲ್ಲಿನವರನ್ನೇ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದು ಕಂತಿಗೆ ಒಂದು ಚೌಕ

ಒಂದು ಕಂತಿಗೆ ಒಂದೇ ಪುಸ್ತಕ ಇಟ್ಟುಕೊಳ್ಳಿ. ಆ ಪುಸ್ತಕದಲ್ಲಿ ಒಂದು ಪುಟ, ಆ ಪುಟದಲ್ಲಿ ಒಂದು ಚೌಕ, ಅಂದರೆ ಗೆರೆಯೊಳಗಿನ ಒಂದೇ ಒಂದು ಚಿತ್ರ. ಅದನ್ನು ಮಾತ್ರ ಪೂರ್ತಿ ವಿವರವಾಗಿ ಹೇಳಿ. ಕಥೆಯ ಸಾರಾಂಶ ನಾಲ್ಕು ವಾಕ್ಯ ಮೀರಬಾರದು. ಕುತೂಹಲ ಹುಟ್ಟಿದವರು ಪುಸ್ತಕ ಹುಡುಕಿಕೊಂಡು ಹೋಗಿ ಓದುತ್ತಾರೆ ಬಿಡಿ.

ಚೌಕವನ್ನು ಹೇಳುವುದಕ್ಕೆ ಒಂದು ಕ್ರಮ ಇದೆ. ಮೊದಲು ಅದರ ಅಳತೆ: ಪುಟ ಪೂರ್ತಿ ಇದೆಯಾ, ಮೂಲೆಯಲ್ಲಿ ಚಿಕ್ಕದಾಗಿದೆಯಾ. ಆಮೇಲೆ ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಅನ್ನೋದು. ಆಮೇಲೆ ಯಾರಿದ್ದಾರೆ, ಎಡಕ್ಕೋ ಬಲಕ್ಕೋ. ಬಣ್ಣ ಆಮೇಲೆ. ಬಲೂನಿನ, ಅಂದರೆ ಪಾತ್ರದ ಬಾಯಿಯ ಹತ್ತಿರ ಬರೆಯುವ ಗುಳ್ಳೆಯ, ಒಳಗಿನ ಮಾತು ಎಲ್ಲಕ್ಕಿಂತ ಕೊನೆಗೆ. ಮಾತನ್ನು ಮೊದಲೇ ಓದಿಬಿಟ್ಟರೆ ಕೇಳುವವರ ಕಿವಿ ಆ ಮಾತಿಗೇ ಅಂಟಿಕೊಳ್ಳುತ್ತದೆ, ಆಮೇಲೆ ನೀವು ಎಷ್ಟು ಬಣ್ಣ ಹೇಳಿದರೂ ತಲೆಗೆ ಹೋಗುವುದಿಲ್ಲ.

ಮಾದರಿಗೆ ಒಂದು ಚೌಕವನ್ನು ನಾನೇ ಕಟ್ಟಿ ಹೇಳುತ್ತೇನೆ, ಯಾವ ಪುಸ್ತಕದ್ದೂ ಅಲ್ಲ. ಸಾಮಾನ್ಯವಾಗಿ ರೇಡಿಯೋದಲ್ಲಿ ಹೀಗೆ ಹೇಳಿಬಿಡುತ್ತಾರೆ: "ಇಲ್ಲಿ ಹುಡುಗಿಗೆ ಬಸ್ ತಪ್ಪಿದೆ, ಅವಳ ಒಂಟಿತನವನ್ನು ಕಲಾವಿದರು ಮನಮುಟ್ಟುವಂತೆ ಚಿತ್ರಿಸಿದ್ದಾರೆ." ಇದನ್ನು ಕೇಳಿದರೆ ಏನಾದರೂ ಕಾಣುತ್ತದಾ? ಈಗ ಹೀಗೆ ಹೇಳಿ ನೋಡಿ: "ಪುಟದ ಮೇಲಿನ ಅರ್ಧ ಪೂರ್ತಿ ಒಂದೇ ಚೌಕ. ನಾವು ನೀರಿನ ಟ್ಯಾಂಕ್ ಮೇಲೆ ನಿಂತು ಕೆಳಗೆ ನೋಡುತ್ತಿದ್ದೇವೆ. ಕೆಳಗೆ ಬಸ್ ಸ್ಟ್ಯಾಂಡ್, ಖಾಲಿ. ಎಡಗಡೆ ಮೂಲೆಯಲ್ಲಿ ಒಬ್ಬ ಹುಡುಗಿ, ಉಗುರಿನಷ್ಟು ಚಿಕ್ಕದು. ಅವಳ ನೆರಳು ಮಾತ್ರ ಬಲಗಡೆ ಅಂಚಿನ ತನಕ ಚಾಚಿಕೊಂಡಿದೆ. ನೆಲಕ್ಕೆಲ್ಲ ಕಿತ್ತಳೆ ಬಣ್ಣ. ಯಾರೂ ಮಾತಾಡುತ್ತಿಲ್ಲ. ಮೇಲ್ಗಡೆ ಸಣ್ಣ ಡಬ್ಬಿಯಲ್ಲಿ ಎರಡೇ ಪದ ಇವೆ. ಬಸ್ ಹೋಗಿತ್ತು." ನಿಧಾನಕ್ಕೆ ಓದಿದರೂ ಅರ್ಧ ನಿಮಿಷ ಆಗುತ್ತದೆ ಅಷ್ಟೇ. ಒಂಟಿತನ ಅನ್ನೋ ಪದವೇ ಬೇಕಾಗಲಿಲ್ಲ, ಅಲ್ವಾ?

"ಅದ್ಭುತ", "ಮನಮೋಹಕ", "ಸೊಗಸಾದ" ಅನ್ನುವ ಪದಗಳನ್ನು ಸ್ಕ್ರಿಪ್ಟಿನಲ್ಲಿ ಕಂಡಲ್ಲೆಲ್ಲ ಹೊಡೆದುಹಾಕಿ. ಅವು ನಿಮ್ಮ ಅಭಿಪ್ರಾಯ ಹೇಳುತ್ತವೆ, ಚಿತ್ರ ತೋರಿಸುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕಾಮಿಕ್ಸ್‌ನಲ್ಲಿ ಎರಡು ಚೌಕಗಳ ನಡುವೆ ಬಿಳಿ ಜಾಗ ಇರುತ್ತದೆ. ಒಂದು ಚೌಕದಲ್ಲಿ ಕೈ ಎತ್ತಿದವನು ಮುಂದಿನದರಲ್ಲಿ ಹೊಡೆದು ಮುಗಿಸಿರುತ್ತಾನೆ, ಹೊಡೆತ ನಡೆದದ್ದು ಓದುವವನ ತಲೆಯಲ್ಲಿ. ರೇಡಿಯೋದಲ್ಲಿ ಆ ಬಿಳಿ ಜಾಗಕ್ಕೆ ನಿಮ್ಮ ಹತ್ತಿರ ಇರೋದು ಮೌನ ಒಂದೇ. ಮೊದಲ ಚೌಕ ಹೇಳಿ, ಒಂದು ಉಸಿರು ಸುಮ್ಮನಿದ್ದು, ಎರಡನೇದು ಹೇಳಿ. ನಡುವೆ "ಆಮೇಲೆ ಏನಾಯಿತು ಅಂದರೆ" ಅಂತ ತುಂಬಿಸಬೇಡಿ. ಎಡಿಟ್ ಮಾಡುವವರಿಗೂ ಮೊದಲೇ ಹೇಳಿಡಿ, ಇಲ್ಲಾಂದರೆ ಅವರು ಖಾಲಿ ಜಾಗ ಅಂತ ಕತ್ತರಿಸಿ ಎಸೆಯುತ್ತಾರೆ.

"ಢಮಾರ್", "ಧಡ್" ಅಂತ ದೊಡ್ಡ ಅಕ್ಷರ ಬರೆದಿರುತ್ತಾರಲ್ಲ, ಅಲ್ಲಿ ಬಾಂಬಿನ ಸದ್ದು ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ ಅಂತೀನಿ ನಾನು. ಅಕ್ಷರ ಹೇಗಿದೆ ಅಂತ ಹೇಳಿ: ಕೆಂಪು, ಓರೆ, ಕೊನೆಯ ಅಕ್ಷರ ಚೌಕದ ಗೆರೆ ದಾಟಿ ಹೊರಗೆ ಬಂದಿದೆ. ಆ ಸದ್ದನ್ನು ಬರೆದದ್ದೂ ಒಬ್ಬ ಕಲಾವಿದನೇ.

ಕೇಳುಗರು ಚಿತ್ರ ಬರೆಯಲಿ

ಇಡೀ ಕಾರ್ಯಕ್ರಮದಲ್ಲಿ ಜನರನ್ನು ಹಿಡಿದಿಡುವ ಭಾಗ ಇದು. ಪ್ರತಿ ಕಂತಿನಲ್ಲಿ ಒಂದು ಚೌಕವನ್ನು ಎರಡು ಸಲ ನಿಧಾನಕ್ಕೆ ಹೇಳಿ. ಪುಸ್ತಕದ ಹೆಸರು ಹೇಳಬೇಡಿ. ಕೇಳುವವರು ಹಾಳೆ, ಪೆನ್ಸಿಲ್ ಹಿಡಿದು ಅದನ್ನು ಬರೆದು, ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಲಿ. ಮುಂದಿನ ವಾರ ನಾಲ್ಕೈದು ಚಿತ್ರಗಳ ಬಗ್ಗೆ ಮಾತಾಡಿ, ಆಮೇಲೆ ಮೂಲ ಚಿತ್ರ ಯಾವುದು, ಯಾರು ಬರೆದದ್ದು ಅಂತ ಬಿಚ್ಚಿ ಹೇಳಿ.

ಬಹುಮಾನ ಇಡಬೇಡಿ. ಬಹುಮಾನ ಇಟ್ಟ ಕೂಡಲೇ ಚೆನ್ನಾಗಿ ಬರೆಯುವವರು ಮಾತ್ರ ಕಳಿಸುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ನಿಮಗೆ ಬೇಕಾಗಿರೋದು ವ್ಯತ್ಯಾಸ. "ಬೆಟ್ಟದ ಕೆಳಗೆ ಒಂದು ಮನೆ" ಅಂತ ನೀವು ಹೇಳಿದರೆ ಆನೆಗೊಂದಿಯ ಹುಡುಗಿ ದುಂಡು ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿ ಬರೆಯಬಹುದು, ಸಂಡೂರಿನವನು ಹಸಿರು ಗುಡ್ಡ ಬರೆದು ಪಕ್ಕದಲ್ಲಿ ಕೆಂಪು ಮಣ್ಣಿನ ರಸ್ತೆ ಹಾಕಬಹುದು, ಸಿಂಧನೂರಿನವರು ಬೆಟ್ಟಕ್ಕಿಂತ ಮುಂದಿನ ಭತ್ತದ ಗದ್ದೆಗೇ ಜಾಸ್ತಿ ಜಾಗ ಕೊಡಬಹುದು. ಹತ್ತು ನಿಮಿಷದ ಮಾತಿಗೆ ಇಷ್ಟು ಸಾಕು. ಕಳಿಸಿದವರ ಹೆಸರು, ಊರು ಓದುವ ಮುಂಚೆ ಒಪ್ಪಿಗೆ ಕೇಳಿ. ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಹೀರೋ ಬಿಡಿ, ಬರೆದವರನ್ನು ಹಿಡಿಯಿರಿ

ಹೀರೋಗಳ ಶಕ್ತಿ ಬಗ್ಗೆ ಮಾತು ಎರಡು ಕಂತಿಗೆ ಮುಗಿದು ಹೋಗುತ್ತದೆ. ಬರೆದವರ ಬದುಕು ಮುಗಿಯುವುದಿಲ್ಲ.

ನಮ್ಮವರಿಂದಲೇ ಶುರು ಮಾಡಿ. ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ತೀರಿಕೊಂಡದ್ದು 2011ರಲ್ಲಿ. ಟೈಮ್ಸ್ ಸಂಸ್ಥೆ 1964ರಲ್ಲಿ ಶುರು ಮಾಡಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಅವರು ಮೊದಲು ಕೆಲಸ ಮಾಡಿದ್ದರು. ದೂರದರ್ಶನದ ಕ್ವಿಜ್‌ನಲ್ಲಿ ರಾಮನ ತಾಯಿ ಯಾರು ಅಂತ ಕೇಳಿದಾಗ ಮಕ್ಕಳಿಗೆ ಗೊತ್ತಾಗಲಿಲ್ಲ, ಅದನ್ನು ನೋಡಿ 1967ರಲ್ಲಿ ಅಮರ ಚಿತ್ರ ಕಥೆಗೆ ಕೈ ಹಾಕಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಆದರೆ ಆ ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಕನ್ನಡ ಪುಸ್ತಕಗಳದ್ದು, ಅವುಗಳಲ್ಲಿ ಇದ್ದದ್ದು ಪಶ್ಚಿಮದ ಮಕ್ಕಳ ಕಥೆಗಳು, ಅದರ ಹಿಂದೆ ಇದ್ದವರು ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್, ರಾಮ್ ವಾಯಿರ್ಕರ್ ಚಿತ್ರ ಬರೆದ ಕೃಷ್ಣನ ಕಥೆ 11ನೇ ಸಂಖ್ಯೆ. ಒಂದೇ ಮಾಲಿಕೆ ಹುಟ್ಟಿದ್ದಕ್ಕೆ ಎರಡು ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿದರೆ ಒಂದು ಕಂತು ಪೂರ್ತಿ ಆಗುತ್ತದೆ.

ಹಣದ ವಿಷಯ ಯಾವತ್ತೂ ಬಿಡಬೇಡಿ. ಸೂಪರ್‌ಮ್ಯಾನ್ ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅದರ ಹಕ್ಕನ್ನು ಕಾಮಿಕ್ಸ್ ಪ್ರಕಟಿಸುವ ಕಂಪನಿಗೆ 130 ಡಾಲರ್‌ಗೆ ಮಾರಿಬಿಟ್ಟರು. ಕಂಪನಿ ಅವರಿಗೆ ವರ್ಷಾಶನ ಕೊಡಲು, ಹೆಸರು ಹಾಕಲು ಒಪ್ಪಿದ್ದು 1975ರಲ್ಲಿ. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, ಹೆಸರು ಬಂದದ್ದು ಬಾಬ್ ಕೇನ್ ಒಬ್ಬರಿಗೆ. ಜೊತೆಗೆ ಕೂತು ಅದನ್ನು ರೂಪಿಸಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅವರಿಗೂ ಹೆಸರು ಸಿಗುವ ಹೊತ್ತಿಗೆ 2015 ಆಗಿತ್ತು. ಇದನ್ನು ರೇಡಿಯೋದಲ್ಲಿ ಹೇಳಿದ ಮೇಲೆ ಕೇಳುಗರಿಗೆ ಒಂದು ಕೆಲಸ ಕೊಡಿ: ಮನೆಯಲ್ಲಿರುವ ಹಳೇ ಕಾಮಿಕ್ಸ್ ತೆಗೆದು, ಚಿತ್ರ ಬರೆದವರ ಹೆಸರು ಎಲ್ಲಿದೆ ಅಂತ ಹುಡುಕಿ, ವಾಯ್ಸ್ ಮೆಸೇಜ್ ಕಳಿಸಲಿ. ಕೆಲವು ಪುಸ್ತಕದಲ್ಲಿ ಹೆಸರೇ ಸಿಗುವುದಿಲ್ಲ, ಆಗ ಮಾತು ತಾನಾಗಿ ಬೆಳೆಯುತ್ತದೆ.

ಕೆಲಸ ಹಂಚಿಕೊಳ್ಳುವ ರೀತಿಯೂ ಒಳ್ಳೇ ವಿಷಯ. ಒಬ್ಬರು ಕಥೆ ಬರೆಯುತ್ತಾರೆ, ಒಬ್ಬರು ಪೆನ್ಸಿಲ್, ಒಬ್ಬರು ಇಂಕ್, ಒಬ್ಬರು ಬಣ್ಣ, ಒಬ್ಬರು ಅಕ್ಷರ. ಮಾರ್ವೆಲ್‌ನಲ್ಲಿ ಸ್ಟಾನ್ ಲೀ ಕಥೆಯ ಎಳೆ ಮಾತ್ರ ಕೊಡುತ್ತಿದ್ದರು, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಥರದವರು ಪುಟಗಳನ್ನೆಲ್ಲ ಬರೆದು ಕೊಟ್ಟ ಮೇಲೆ ಮಾತು ತುಂಬುತ್ತಿದ್ದರು. ಹಾಗಾದರೆ ಕಥೆ ಯಾರದು? ಇದಕ್ಕೆ ಇವತ್ತಿಗೂ ಜಗಳ ನಡೆಯುತ್ತದೆ. ಇತ್ತ ನಮ್ಮಲ್ಲಿ ಚಾಚಾ ಚೌಧರಿಯ ಪ್ರಾಣ್, ಇಂದ್ರಜಾಲದ ಹೀರೋ ಬಹಾದೂರ್‌ನ ಕಥೆಗಾರ ಆಬಿದ್ ಸುರ್ತಿ, ಬಾಲಮಂಗಳ ಪತ್ರಿಕೆಯ ಡಿಂಗ, ಚಂದಮಾಮದ ಶಂಕರ್ ಅವರ ವಿಕ್ರಮ ಬೇತಾಳನ ಚಿತ್ರ, ಒಂದೊಂದಕ್ಕೂ ಒಂದೊಂದು ಕಂತು ಆಗುತ್ತದೆ. ಚಂದಮಾಮ ಕಾಮಿಕ್ಸ್ ಅಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಅವರನ್ನೇ ಕರೆಸಿ ಕೂರಿಸಿ. ಬಳ್ಳಾರಿ, ಸಿರುಗುಪ್ಪ, ರಾಯಚೂರು ಕಡೆ ಅದನ್ನು ತೆಲುಗಲ್ಲಿ ಓದಿದವರೂ ಸಿಗುತ್ತಾರೆ, ಕನ್ನಡದಲ್ಲಿ ಓದಿದವರೂ ಸಿಗುತ್ತಾರೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಇನ್ನೂ ಚೆನ್ನ.

ನಮ್ಮ ಕಡೆಯ ಅತಿಥಿಗಳು

ಬೆಂಗಳೂರಿಂದ ಕಲಾವಿದರನ್ನು ಕರೆಸೋಕೆ ಆಗುವುದಿಲ್ಲ ಅಂತ ಕೈ ಚೆಲ್ಲಬೇಡಿ. ಚಿತ್ರದಲ್ಲಿ ಕಥೆ ಹೇಳುವವರು ಇಲ್ಲೇ ಇದ್ದಾರೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲು ಗೊಂಬೆ ಆಟಕ್ಕೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ, 2023ರಲ್ಲಿ ತೀರಿಕೊಂಡರು, ಇದೇ ಆಟವನ್ನು ಊರೂರಿಗೆ ಒಯ್ದವರು. ತೊಗಲು ಗೊಂಬೆಯಲ್ಲಿ ರಾಜ, ದೇವರು ದೊಡ್ಡ ಅಳತೆಯಲ್ಲಿ ಇರುತ್ತಾರೆ, ಸೇವಕರು ಚಿಕ್ಕದಾಗಿ. ಒಂದೇ ತೊಗಲಿನಲ್ಲಿ ಎರಡು ಮೂರು ಜನರನ್ನು ಸೇರಿಸಿ ಇಡೀ ಸನ್ನಿವೇಶ ಕತ್ತರಿಸಿದ ಗೊಂಬೆಗಳೂ ಇವೆ. ಕಾಮಿಕ್ಸ್ ಚೌಕ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಈ ಕಲೆಯ ಮನೆತನಗಳು ನಮ್ಮ ಕಡೆ ಇನ್ನೂ ಇವೆ, ಅವರ ಮನೆಗೇ ಹೋಗಿ ಮಾತಾಡಿಸಿ.

ಕಿನ್ನಾಳದ ಚಿತ್ರಗಾರರೂ ಹಾಗೇ. ಹಗುರ ಮರದ ಗೊಂಬೆ, ಹುಣಸೆ ಬೀಜದ ಅಂಟು, ಅದರ ಮೇಲೆ ಬಣ್ಣ. ರಾಯಚೂರಿನವರಾದರೆ ಕೋಟೆ ಗೋಡೆಗೆ ಹೋಗಿ. ಅಲ್ಲಿ 1294ರ ತೆಲುಗು ಶಾಸನ ಇರುವ, ಸುಮಾರು 41 ಅಡಿ ಉದ್ದದ ಕಲ್ಲು ಇದೆ. ಆ ಕಲ್ಲನ್ನು ಗಾಡಿ ಮೇಲೆ ಹೇರಿ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಗೋಡೆ ಮೇಲೆ ಕೊರೆದಿದ್ದಾರೆ! ಫೋನ್ ಹಿಡಿದು ಅದರ ಮುಂದೆ ನಿಂತು, ಎಡದಿಂದ ಬಲಕ್ಕೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಹೋಗಿ. ಸ್ಟುಡಿಯೋ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಇವರನ್ನೆಲ್ಲ "ನಮ್ಮ ಪ್ರಾಚೀನ ಕಾಮಿಕ್ಸ್" ಅಂತ ಎಳೆದು ತರಬೇಡಿ. ತೊಗಲು ಗೊಂಬೆ ತೊಗಲು ಗೊಂಬೆಯೇ. ಅವರ ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳಿ, ಹೋಲಿಕೆಯನ್ನು ಕೇಳುಗರು ಮಾಡಿಕೊಳ್ಳಲಿ.

ಏನು ಕೇಳಬೇಕು

"ನಿಮಗೆ ಸ್ಫೂರ್ತಿ ಯಾರು?" "ಇಂದಿನ ಯುವಕರಿಗೆ ನಿಮ್ಮ ಸಂದೇಶ ಏನು?" ಈ ಎರಡು ಪ್ರಶ್ನೆಗೆ ಒಳ್ಳೇ ಉತ್ತರ ಬಂದದ್ದನ್ನು ನಾನಂತೂ ಕೇಳಿಲ್ಲ. ಕೈ ಕೆಲಸದ ಬಗ್ಗೆ ಕೇಳಿ. ಮುಖ ಬರೆಯುವಾಗ ಎಲ್ಲಿಂದ ಶುರು? ತಪ್ಪಾದರೆ ಬಿಳಿ ಬಣ್ಣ ಹಚ್ಚುತ್ತೀರಾ, ಹೊಸ ಹಾಳೆ ತುಂಡು ಅಂಟಿಸುತ್ತೀರಾ? ಬಲೂನಿಗೆ ಜಾಗ ಮೊದಲೇ ಬಿಡುತ್ತೀರಾ, ಕಥೆಗಾರರು ಮಾತು ಜಾಸ್ತಿ ಬರೆದು ನಿಮ್ಮ ಚಿತ್ರ ಮುಚ್ಚಿಹೋದದ್ದು ಇದೆಯಾ? ಪುಟಕ್ಕೆ ಎಷ್ಟು ಕೊಡುತ್ತಿದ್ದರು? ಮೂಲ ಚಿತ್ರ ವಾಪಸ್ ಕೊಟ್ಟರಾ? ಕೊನೆಯ ಎರಡು ಪ್ರಶ್ನೆ ಕೇಳುವಾಗ ಮೊದಲೇ ಫೋನಿನಲ್ಲಿ ಹೇಳಿಟ್ಟಿರಿ, ಕೆಲವರಿಗೆ ಮುಜುಗರ ಆಗುತ್ತದೆ.

ಹಿರಿಯರ ಹತ್ತಿರ "ಸರ್, ಮೇಡಂ" ಅಂದರೆ ಅವರೂ ಸಭೆಯಲ್ಲಿ ಕೂತ ಹಾಗೆ ಬಿಗಿಯಾಗುತ್ತಾರೆ. "ಅಜ್ಜಾರ, ಮೊದ್ಲ ಕಣ್ಣ ಬರೀತೀರೋ, ಕಿರೀಟ ಬರೀತೀರೋ?" ಅಂತ ಕೇಳಿ. ನಮ್ಮ ಕಡೆ ಮಾತಲ್ಲೇ ಮಾತಾಡಿ, ಅವರೂ ಹಾಗೇ ಮಾತಾಡುತ್ತಾರೆ. ರೇಡಿಯೋ ಅಂದ ಕೂಡಲೇ ಮೈಸೂರು ಕನ್ನಡ ತರಬೇಕು ಅಂತೇನಿಲ್ಲ. ಉತ್ತರ ಮುಗಿದ ಮೇಲೂ ಎರಡು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ. ಒಳ್ಳೇ ಮಾತು ಆಗಲೇ ಬರುತ್ತದೆ. "ಹೌದು ಹೌದು, ಹ್ಞೂಂ ಹ್ಞೂಂ" ಅನ್ನಬೇಡಿ, ತಲೆ ಆಡಿಸಿ ಸಾಕು, ಇಲ್ಲಾಂದರೆ ಎಡಿಟ್ ಮಾಡುವಾಗ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ.

ರೆಕಾರ್ಡಿಂಗ್

ನಮ್ಮ ಊರುಗಳಲ್ಲಿ ಶತ್ರು ಫ್ಯಾನು. ಬೇಸಿಗೆಯಲ್ಲಿ ಅದನ್ನು ಆರಿಸಿದರೆ ಅತಿಥಿ ಹತ್ತು ನಿಮಿಷ ಕೂರುವುದಿಲ್ಲ, ಹಾಕಿದರೆ ಇಡೀ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರರ ಒಳಗೆ ಮುಗಿಸಿ. ಆಗ ಲಾರಿ, ಗಿರಣಿ ಸದ್ದೂ ಕಡಿಮೆ. ಖಾಲಿ ಕೋಣೆ ಬೇಡ, ಗೋಡೆಗೆ ಬಡಿದು ದನಿ ಪ್ರತಿಧ್ವನಿಸುತ್ತದೆ. ಹಾಸಿಗೆ, ಬಟ್ಟೆ ಬೀರು ಇರುವ ಕೋಣೆ ಆರಿಸಿ, ಮೂರು ಕಡೆ ಕೌದಿ ತೂಗುಹಾಕಿ. ದುಡ್ಡು ಕೊಟ್ಟು ತರುವ ಫೋಮಿಗಿಂತ ಮನೆಯಲ್ಲಿರುವ ದಪ್ಪ ಕೌದಿ ಸಾಕು.

ಒಳ್ಳೇ ಫೋನು, ಒಂದು ಕಾಲರ್ ಮೈಕು ಇದ್ದರೆ ಶುರು ಮಾಡಬಹುದು. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಇಟ್ಟರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ವೇವ್ (WAV) ಫೈಲ್ ಆಗಿ ರೆಕಾರ್ಡ್ ಮಾಡಿ. ಶುರುವಿಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದು ಹಿಡಿದಿಡಿ, ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕಾಗುತ್ತದೆ. ಅತಿಥಿ ದೂರದ ಊರಲ್ಲಿದ್ದರೆ ಫೋನ್ ಕರೆಯನ್ನೇ ರೆಕಾರ್ಡ್ ಮಾಡಬೇಡಿ. ಕರೆಯಲ್ಲಿ ಮಾತಾಡುತ್ತಾ ಅವರು ತಮ್ಮ ಕಡೆಯ ದನಿಯನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ನೀವು ನಿಮ್ಮದನ್ನು ಮಾಡಿ. ಶುರುವಿಗೆ ಒಂದು ಚಪ್ಪಾಳೆ ಇಬ್ಬರ ರೆಕಾರ್ಡಿಂಗ್‌ನಲ್ಲೂ ಕೇಳುವ ಹಾಗೆ ತಟ್ಟಿ, ಎರಡನ್ನೂ ಹೊಂದಿಸಲು ಸುಲಭ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಎಡಿಟಿಂಗ್‌ಗೆ ಅಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಉಚಿತ.

ಸ್ಕ್ರಿಪ್ಟು ಹಾಳೆಯ ಒಂದೇ ಬದಿಗೆ ಬರೆಯಿರಿ, ಪಿನ್ ಹೊಡೆಯಬೇಡಿ. ಪುಟ ತಿರುಗಿಸುವ ಸದ್ದು ಬರುವುದಿಲ್ಲ. ನಿಮಿಷಕ್ಕೆ ಎಷ್ಟು ಪದ ಓದುತ್ತೀರಿ ಅಂತ ಗಡಿಯಾರ ಇಟ್ಟು ನೋಡಿಕೊಳ್ಳಿ, ನಿಮಿಷಕ್ಕೆ ನೂರರ ಆಸುಪಾಸು ಇದ್ದರೆ ಹಿತ.

ಹಕ್ಕು, ನಿಯಮ, ಅರ್ಜಿ

1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಬಳಸಲು ಬಿಡುತ್ತದೆ. ಅಂದರೆ ಒಂದೆರಡು ಬಲೂನಿನ ಮಾತು ಓದಿ ಅದರ ಬಗ್ಗೆ ಚರ್ಚಿಸಬಹುದು. ಇಡೀ ಪುಸ್ತಕವನ್ನು ನಾಟಕದ ಥರ ಓದಿದರೆ ಅದು ವಿಮರ್ಶೆ ಆಗುವುದಿಲ್ಲ, ಪ್ರಕಾಶಕರ ಅನುಮತಿ ಬೇಕು. ನಮ್ಮಲ್ಲಿ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಬೇಡವೇ ಬೇಡ. ಊರಲ್ಲಿ ಹಾರ್ಮೋನಿಯಂ ನುಡಿಸುವವರು ಸಿಕ್ಕರೆ ಇಪ್ಪತ್ತು ಸೆಕೆಂಡಿನ ಒಂದು ಸ್ವರ ಮಾಡಿಸಿಕೊಂಡು, ಬಳಸಲು ಒಪ್ಪಿಗೆ ಬರೆಸಿಕೊಳ್ಳಿ.

ಎಲ್ಲಿಗೆ ಕೊಡೋದು? ಹೊಸಪೇಟೆ ಆಕಾಶವಾಣಿ ಈಗ ವಿಜಯನಗರ ಜಿಲ್ಲೆಯಲ್ಲಿದ್ದರೂ ಕೊಪ್ಪಳ, ಬಳ್ಳಾರಿ ಕಡೆಯವರೂ ಅದನ್ನು ಕೇಳುತ್ತಾರೆ. ರಾಯಚೂರಿನಲ್ಲೂ ಆಕಾಶವಾಣಿ ಇದೆ. ವಯಸ್ಸು 15ರಿಂದ 30ರ ಒಳಗಿದ್ದರೆ ಆಕಾಶವಾಣಿಯ ಯುವಕರ ಕಾರ್ಯಕ್ರಮ ಯುವವಾಣಿ ಬಗ್ಗೆ ವಿಚಾರಿಸಿ. ಅಲ್ಲಿ ಯಾವುದೇ ಕಂಪನಿಯ ಪ್ರಚಾರ ಆಗುವ ಹಾಗೆ ಮಾತಾಡುವಂತಿಲ್ಲ, ಹಾಗಾಗಿ ಪುಸ್ತಕದ ಬೆಲೆ, ಅಂಗಡಿ ಹೆಸರು ಸ್ಕ್ರಿಪ್ಟಿನಲ್ಲಿ ಹಾಕಬೇಡಿ. ಧರ್ಮ, ಜಾತಿ, ಪಕ್ಷಗಳ ಮೇಲೆ ದಾಳಿ ಮಾಡುವ ಮಾತೂ ನಡೆಯುವುದಿಲ್ಲ. ಪುರಾಣದ ಕಾಮಿಕ್ಸ್ ಬಗ್ಗೆ ಮಾತಾಡುವಾಗ ಇದು ನೆನಪಿರಲಿ.

ಹತ್ತಿರದಲ್ಲಿ ಸಮುದಾಯ ರೇಡಿಯೋ, ಅಂದರೆ ಕಾಲೇಜೋ ಸಂಘಸಂಸ್ಥೆಯೋ ನಡೆಸುವ ಚಿಕ್ಕ ರೇಡಿಯೋ, ಇದ್ದರೆ ಇನ್ನೂ ಸಲೀಸು. ಕಾಲೇಜುಗಳಿಗೆ 2002ರಲ್ಲಿ, ಸಂಘಸಂಸ್ಥೆಗಳಿಗೆ 2006ರಲ್ಲಿ ಇದಕ್ಕೆ ದಾರಿ ಆಯಿತು. ಸಾಮಾನ್ಯವಾಗಿ 100 ವ್ಯಾಟ್ ಮಿತಿ, ಹತ್ತು ಕಿಲೋಮೀಟರ್ ಆಸುಪಾಸಿನವರೆಗೆ ಕೇಳುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರು ಸೇರಿ ಮಾಡಿದ್ದು ಇರಬೇಕು ಅಂತ ನಿಯಮವೇ ಇದೆ, ಆದ್ದರಿಂದ ನಿಮ್ಮಂಥವರು ಅವರಿಗೂ ಬೇಕು. ಎರಡೂ ಆಗದಿದ್ದರೆ ಪಾಡ್‌ಕಾಸ್ಟ್ ಮಾಡಿ, ಯಾರ ಅಪ್ಪಣೆಯೂ ಬೇಡ.

ಅರ್ಜಿ ಒಂದು ಪುಟ ಸಾಕು. ಕಾರ್ಯಕ್ರಮದ ಹೆಸರು, ಎಷ್ಟು ನಿಮಿಷ, ಯಾರಿಗಾಗಿ, ಮೊದಲ ಆರು ಕಂತುಗಳ ವಿಷಯ ಮತ್ತು ಅತಿಥಿ. ಕಾರ್ಯಕ್ರಮ ವಿಭಾಗದ ಮುಖ್ಯಸ್ಥರ ಹೆಸರಿಗೆ ಬರೆದು, ಕೈಯಾರೆ ಕೊಡಿ. ಜೊತೆಗೆ ಪೆನ್‌ಡ್ರೈವ್‌ನಲ್ಲಿ ಐದು ನಿಮಿಷದ ಮಾದರಿ ಇರಲಿ. ಆ ಮಾದರಿಯಲ್ಲಿ ಪೀಠಿಕೆ, ಸ್ವಾಗತ, ವಂದನೆ ಏನೂ ಹಾಕಬೇಡಿ. ಒಂದು ಚೌಕದ ವಿವರಣೆ ಮತ್ತು ಅದನ್ನು ಕೇಳಿ ಇಬ್ಬರು ಬರೆದ ಚಿತ್ರದ ಬಗ್ಗೆ ಮಾತು, ಇಷ್ಟೇ ಇರಲಿ. ಆ ಎರಡು ಚಿತ್ರಗಳನ್ನೂ ಅರ್ಜಿಗೆ ಪಿನ್ ಮಾಡಿ ಕೊಡಿ.